ನರಿಗೆ ತೆರೆಯಲಾಗದ ಕಸದ ಡಬ್ಬಿ: ಚಾರ್‌ಕೋಪ್‌ನಲ್ಲಿ ಎಂಟು ತಿಂಗಳ ಅನುಭವ

120 ಲೀಟರಿನ, ಎರಡು ಚಕ್ರದ, ಮುಚ್ಚಳ ಇರುವ ಪ್ಲಾಸ್ಟಿಕ್ ಕಸದ ಡಬ್ಬಿ. ನಾಲ್ಕು ತಗೊಂಡೆವು. ಹಸಿ ಕಸಕ್ಕೆ ಹಸಿರು ಎರಡು, ಒಣ ಕಸಕ್ಕೆ ನೀಲಿ ಎರಡು. ಒಂದಕ್ಕೆ 2,150 ರೂಪಾಯಿ. ಮಲಾಡ್ ಪಶ್ಚಿಮದ ಒಂದು ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಟೆಂಪೋ ಬಾಡಿಗೆ 400. ಮೇಲಿಂದ ನಮ್ಮ ಬೀದಿಯ ವೆಲ್ಡರ್ ಹಾಕಿಕೊಟ್ಟ ಚಿಲಕ ಮತ್ತು ಸರಪಳಿಗೆ ಡಬ್ಬಿಗೆ 380ರಂತೆ. ಕಳೆದ ಅಕ್ಟೋಬರ್‌ನಿಂದ ಬಳಸುತ್ತಿದ್ದೇವೆ. ಈಗ ಜೂನ್.

ಡಬ್ಬಿ ತಂದಿದ್ದು ನರಿಗೋಸ್ಕರ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಪಕ್ಕ ಮನೆ ಇರುವ ಕನ್ನಡದವರು ಮುಂಬೈ, ನವಿ ಮುಂಬೈಯಲ್ಲಿ ತುಂಬಾ ಜನ ಇದ್ದೀರಿ. ಗೊರಾಯಿ, ವಿಕ್ರೋಲಿ, ಐರೋಲಿ, ಖಾರ್‌ಘರ್, ಎಲ್ಲಾ ಕಡೆ. ನಿಮ್ಮ ಸೊಸೈಟಿಯಲ್ಲೂ ಇವತ್ತಲ್ಲ ನಾಳೆ ಈ ಮಾತು ಬರುತ್ತದೆ. ನಾವು ಮೊದಲು ದುಡ್ಡು ಸುರಿದದ್ದು ಬೇರೆ ಎರಡು ಸಾಮಾನಿಗೆ. ಅದನ್ನೂ ಹೇಳುತ್ತೇನೆ. ನೀವಾದರೂ ಆ ದುಡ್ಡು ಉಳಿಸಿಕೊಳ್ಳಿ.

ಚಾರ್‌ಕೋಪ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮುಂಬೈಯ ಉಪನಗರ ಕಾಂದಿವಲಿ ಪಶ್ಚಿಮದ ಕೊನೆ. 1985ರಲ್ಲಿ ಶುರುವಾದ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಮ್ಹಾಡಾದವರು (ಮಹಾರಾಷ್ಟ್ರ ಸರ್ಕಾರದ ವಸತಿ ಸಂಸ್ಥೆ) ಇಲ್ಲಿ ಚಿಕ್ಕ ಚಿಕ್ಕ ಪ್ಲಾಟು ಕೊಟ್ಟರು. ಮನೆ ಅವರವರೇ ಕಟ್ಟಿಕೊಂಡರು. ನಡುವೆ ಒಂದು ಅಂಗಳ, ಸುತ್ತ ಮನೆಗಳು. ನಮ್ಮ ಸೊಸೈಟಿಯಲ್ಲಿ 35 ಮನೆ. ಹಿಂದಿನ ಗೋಡೆ ದಾಟಿದರೆ ಒಂದು ನಾಲೆ. ನಾಲೆ ದಾಟಿದರೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ನಾನು ಕುಮಟಾದವಳು. ನಮ್ಮ ಕಡೆ ಹಿನ್ನೀರಿನಲ್ಲಿ ಬೆಳೆಯುವ ಈ ಗಿಡಕ್ಕೆ ಕಾಂಡ್ಲಾ ಅಂತಲೇ ಹೇಳುವುದು. ಮರಾಠಿಯಲ್ಲೂ ಕಾಂದಳ ಅನ್ನುತ್ತಾರೆ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಗಿ ನನಗೆ ತುಂಬಾ ಖುಷಿಯಾಗಿತ್ತು.

ನರಿ ಕೂಗು ನನಗೆ ಹೊಸದಲ್ಲ. ತವರಲ್ಲಿ ಗದ್ದೆ ಕೊಯ್ಲು ಮುಗಿದ ಮೇಲೆ ಸಂಜೆ ಒಂದು ಕೂಗಿದರೆ ನಾಲ್ಕು ದನಿಗೂಡಿಸುತ್ತಿದ್ದವು. 1993ರಲ್ಲಿ ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ಅದೇ ಕೂಗು ಕೇಳಿತು. ಮನೆಯವರು ನಂಬಲಿಲ್ಲ. ಮುಂಬೈಯಲ್ಲಿ ಎಲ್ಲಿಯ ನರಿ, ಯಾವುದೋ ನಾಯಿ ಇರಬೇಕು ಅಂದರು. ನನಗೆ ಮಾತ್ರ ಅವತ್ತು ಈ ಊರು ಸ್ವಲ್ಪ ನಮ್ಮದು ಅನ್ನಿಸಿತು.

ಮೂವತ್ತು ವರ್ಷ ಅದು ಬರೀ ಕೂಗಾಗಿ ಇತ್ತು. ಅಂಗಳಕ್ಕೆ ಬಂದದ್ದು ಕಳೆದ ಗಣಪತಿ ಹಬ್ಬದ ಸಮಯದಲ್ಲಿ. ಹತ್ತು ದಿನ ಸೊಸೈಟಿಯಲ್ಲಿ ಊಟ. ಎಲೆ, ಅನ್ನ, ಪೂರಿ, ಶೀರಾ ಎಲ್ಲ ಕಪ್ಪು ಚೀಲದಲ್ಲಿ ಕಟ್ಟಿ ಗೇಟಿನ ಬದಿಗೆ ಇಡುತ್ತಿದ್ದೆವು. ಕಸದ ಗಾಡಿ ಬರುವುದು ಬೆಳಿಗ್ಗೆ ಎಂಟರ ಮೇಲೆ. ಅಂದರೆ ರಾತ್ರಿಯಿಡೀ ಊಟ ಬಾಗಿಲಲ್ಲಿ ಬಡಿಸಿಟ್ಟ ಹಾಗೆ. ಮೊದಲು ಇಲಿ ಬಂದವು. ಆಮೇಲೆ ನಾಯಿಗಳು. ಕೊನೆಗೆ ನರಿ.

ನಾನು ಕಣ್ಣಾರೆ ನೋಡಿದ್ದು ಒಂದು ಬುಧವಾರ. ನಮ್ಮಲ್ಲಿ ನೀರು ಬರುವುದು ಬೆಳಗಿನ ಜಾವ. ನಾಲ್ಕೂಮುಕ್ಕಾಲಿಗೆ ಎದ್ದು ಪಂಪು ಹಾಕಲು ಹೊರಗೆ ಬಂದೆ. ಗೇಟಿನ ದೀಪದ ಕೆಳಗೆ ನಿಂತಿತ್ತು. ನಾಯಿಗಿಂತ ತೆಳು. ಮೂತಿ ಚೂಪು. ಬೆನ್ನಿನ ಮೇಲೆ ಕಪ್ಪು ಬೂದು ಬೆರೆತ ಕೂದಲು, ಕಾಲು ಮಾತ್ರ ಒಣ ಹುಲ್ಲಿನ ಬಣ್ಣ. ಬಾಲದ ತುದಿ ಕಪ್ಪು. ಮುಂಗಾಲಿನಿಂದ ಚೀಲ ಒತ್ತಿ ಹಿಡಿದು ಹಲ್ಲಿನಿಂದ ಸಣ್ಣಗೆ ಹರಿಯಿತು. ನಾಯಿಗಳ ಹಾಗೆ ಎಳೆದಾಡಿ ಚೆಲ್ಲಲಿಲ್ಲ. ಮೂಗು ಒಳಗೆ ಹಾಕಿ ಶೀರಾ ತಿಂದಿತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿತು. ಕಿವಿ ಎರಡೂ ನನ್ನ ಕಡೆ ತಿರುಗಿದವು. ನಾನೂ ಅಲ್ಲಾಡಲಿಲ್ಲ. ರಸ್ತೆಯಲ್ಲಿ ಒಂದು ನಾಯಿ ಬೊಗಳಿತು. ನರಿ ತಲೆ ತಗ್ಗಿಸಿ, ಗೋಡೆ ಬುಡದಲ್ಲಿ ನೀರು ಹೋಗುವ ಕಂಡಿಯೊಳಗೆ ನುಸುಳಿ ಹೋಯಿತು. ಅಷ್ಟು ಸಣ್ಣ ಕಂಡಿ! ಒಂದು ಬಕೆಟ್ ಹಿಡಿಸುವಷ್ಟು ಮಾತ್ರ.

ನಮ್ಮ ಅಪ್ಪ ಊರಿಗೆ ಹೊರಡುವಾಗ ನರಿ ಕಂಡರೆ ಕೆಲಸ ಆಯಿತು ಅಂತಲೇ ಹೇಳುತ್ತಿದ್ದರು. ಯಾರಿಗಾದರೂ ಒಳ್ಳೆಯದಾದರೆ "ಬೆಳಿಗ್ಗೆ ಎದ್ದು ನರಿ ಮುಖ ನೋಡಿದ್ದೀಯಾ" ಅಂತ ನಾವು ಈಗಲೂ ಕೇಳುತ್ತೇವಲ್ವಾ. ನಾನು ಆ ದಿನ ನಿಜವಾಗಿ ನೋಡಿದ್ದೆ. ಆದರೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಮೇಲೆ ಯಾರಿಗೂ ಖುಷಿಯಾಗಲಿಲ್ಲ. ಎಲ್ಲರಿಗೂ ಹೆದರಿಕೆ. ಹೆದರಿಕೆಗೆ ಕಾರಣ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. 2024ರಲ್ಲಿ ಟ್ರಾಂಬೆ ಕಡೆ ಸತ್ತ ನರಿಗಳಲ್ಲಿ ರೇಬೀಸ್ ಇತ್ತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮ ಅಂಗಳದಲ್ಲಿ ಏಳೆಂಟು ಸಣ್ಣ ಮಕ್ಕಳು ಆಡುತ್ತವೆ.

ಮೀಟಿಂಗಿನಲ್ಲಿ ಒಬ್ಬರು ಬೋನು ಇಡುವವರ ನಂಬರ್ ತಂದರು. ಹಿಡಿದು ದೂರ ಬಿಟ್ಟು ಬರುತ್ತಾರಂತೆ. ನಾನು ಸೊಸೈಟಿಯ ಖಜಾಂಚಿ. ಅದಕ್ಕೆ ಒಂದು ರೂಪಾಯಿಯ ಚೆಕ್‌ಗೂ ಸಹಿ ಹಾಕುವುದಿಲ್ಲ ಅಂದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ನರಿ ಮೊದಲನೇ ಪಟ್ಟಿಯಲ್ಲಿದೆ. ಹುಲಿ, ಚಿರತೆ ಇರುವ ಪಟ್ಟಿ ಅದೇ. ಬಲೆ ಹಾಕುವುದು, ಹಿಡಿಯುವುದು ಎಲ್ಲ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು. ಕಾಯ್ದೆ ಬದಿಗಿರಲಿ. ಒಂದನ್ನು ಹಿಡಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಊಟ ಇಲ್ಲೇ ಇದೆಯಲ್ಲ!

ಈ ಕೊನೆಯ ಮಾತು ನಾನು ಕಲಿತದ್ದು ಮಗಳಿಂದ. ಅವಳಿರುವುದು ಅಮೆರಿಕದ ಶಿಕಾಗೋ ಹೊರವಲಯದಲ್ಲಿ. ಅಲ್ಲಿ ಕಯೋಟಿ ಅಂತ ಒಂದು ಪ್ರಾಣಿ. ನಮ್ಮ ನರಿಗೆ ದೊಡ್ಡಣ್ಣನ ಹಾಗೆ. ನಮ್ಮದು ಎಂಟು ಹತ್ತು ಕಿಲೋ ತೂಗಿದರೆ ಅದು ಹದಿನೈದು ಕಿಲೋ ತನಕ. ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ 2000ನೇ ಇಸವಿಯಿಂದ ಅವುಗಳ ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿ ಅಧ್ಯಯನ ಮಾಡುತ್ತಿದ್ದಾರೆ. ಜನರ ನಡುವೆಯೇ ಇದ್ದರೂ ಹೆಚ್ಚಿನವು ಯಾರ ಕಣ್ಣಿಗೂ ಬೀಳದೆ ಬದುಕುತ್ತವೆ. ತಿನ್ನುವುದು ಮುಖ್ಯವಾಗಿ ಇಲಿ, ಮೊಲ, ಹಣ್ಣು. ತೊಂದರೆ ಶುರುವಾಗುವುದು ಜನ ಊಟ ಹಾಕಿದಾಗ, ಅಥವಾ ಊಟ ಸುಮ್ನೆ ಹೊರಗೆ ಬಿಟ್ಟಾಗ.

"ಅಮ್ಮ, ಇಲ್ಲಿ ಕಸದ ಡಬ್ಬಿ ಹಿಂದಿನ ರಾತ್ರಿ ಹೊರಗಿಡಬೇಡಿ ಅಂತ ಹೇಳ್ತಾರೆ. ಗಾಡಿ ಬರೋ ದಿನ ಬೆಳಿಗ್ಗೇನೇ ಇಡಬೇಕು. ಮೊದಲು ನಿಮ್ಮ ಕಸ ನೋಡಿ," ಅಂದಳು.

ಅವಳು ಹೇಳಿದ್ದು ಅಷ್ಟು ಸರಳವಾಗಿತ್ತು. ಆದರೆ ಮೀಟಿಂಗಿನಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಸ್ವಿಚ್ ಹಾಕಿದರೆ ಓಡಿಸುವ ಯಂತ್ರ.

ಹಾಗೆ ಬಂದದ್ದು ಮನುಷ್ಯರಿಗೆ ಕೇಳದ ಸದ್ದು ಮಾಡಿ ಪ್ರಾಣಿ ಓಡಿಸುವ ಡಬ್ಬ. ಎರಡು ತರಿಸಿದೆವು, ಒಂದಕ್ಕೆ 1,499. ಡಬ್ಬದ ಮೇಲೆ ನಾಯಿ, ಬೆಕ್ಕು, ಹಾವು, ಹಕ್ಕಿ ಎಲ್ಲದರ ಚಿತ್ರ. ಎಲ್ಲ ಪ್ರಾಣಿಗೂ ಒಂದೇ ಸದ್ದು ಔಷಧಿ ಆಗುತ್ತದೆ ಅಂದರೆ ಆಗಲೇ ಅನುಮಾನ ಬರಬೇಕಿತ್ತು. ಮೂರನೇ ದಿನಕ್ಕೆ ಎದುರುಮನೆಯ ಬೆಕ್ಕು ಅದರ ಮುಂದೆಯೇ ಮಲಗಿ ನಿದ್ದೆ ಮಾಡಿತು. ನರಿಯೂ ಬಂತು. ಕ್ಯಾಮೆರಾದಲ್ಲಿ ಡಬ್ಬವನ್ನು ಮೂಸಿ ಮುಂದೆ ಹೋದದ್ದು ಕಾಣಿಸುತ್ತದೆ. ವಾಪಸು ಕೊಡಲು ಹೋದರೆ, ಪೆಟ್ಟಿಗೆ ಹರಿದಿದೆ ಅಂತ ತಗೊಳ್ಳಲಿಲ್ಲ. 2,998 ರೂಪಾಯಿ ಹೋಯಿತು. ಇದನ್ನು ಯಾರೂ ಕೊಳ್ಳಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ಎರಡನೆಯದು, ಎದುರಿಗೆ ಏನಾದರೂ ಅಲುಗಾಡಿದರೆ ಹೊತ್ತಿಕೊಳ್ಳುವ ಸೋಲಾರ್ ದೀಪ. ಮೂರು, ಒಂದಕ್ಕೆ 899. ಇದನ್ನು ಪೂರ್ತಿ ಬೈಯಲಾರೆ. ಮೊದಲ ಹತ್ತು ದಿನ ದೀಪ ಹೊತ್ತಿದ ಕೂಡಲೇ ನರಿ ಹಿಂದೆ ಸರಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಬೆಳಕಿನಲ್ಲೇ ಆರಾಮಾಗಿ ತಿನ್ನತೊಡಗಿತು. ಆದರೆ ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಯರಿಗೆ, ನೀರು ಬಿಡಲು ಏಳುವ ನನಗೆ ದೀಪ ಉಪಯೋಗವಾಗಿದೆ. ಮನುಷ್ಯರಿಗಾಗಿ ಬೇಕಿದ್ದರೆ ತಗೊಳ್ಳಿ.

ಅಷ್ಟಾದ ಮೇಲೆ ಡಬ್ಬಿ.

ಅಂಗಡಿಯಲ್ಲಿ ನಾಲ್ಕೈದು ನಮೂನೆ ಇತ್ತು. ನಾನು ಒಂದೊಂದರ ಮುಚ್ಚಳ ಎತ್ತಿ, ಬಿಟ್ಟು, ಬಾಯಿಯ ಅಂಚಿಗೆ ಬೆರಳು ಓಡಿಸಿ ನೋಡಿದೆ. ಅಗ್ಗದ್ದರ ಮುಚ್ಚಳ ಸೊಟ್ಟ ಕೂರುತ್ತದೆ. ಸಂದಿನಲ್ಲಿ ಎರಡು ಬೆರಳು ಹೋದರೆ ನರಿಯ ಮೂತಿ ಹೋಗುವುದು ಕಷ್ಟವಲ್ಲ. ನಾವು ತಂದದ್ದು ದಪ್ಪ ಪ್ಲಾಸ್ಟಿಕ್ಕಿನದು. ಬಾಯಿಗೆ ಸುತ್ತ ಮಡಚಿದ ಅಂಚು, ಮುಚ್ಚಳ ಅದರ ಮೇಲೆ ಒಂದು ಇಂಚು ಇಳಿದು ಕೂರುತ್ತದೆ. ಹಿಂದಿನ ಹಿಡಿ ಗಟ್ಟಿ. ತುಂಬಿದ ಡಬ್ಬಿಯನ್ನು ನಮ್ಮ ವಾಚ್‌ಮನ್ ಒಬ್ಬರೇ ಎಳೆಯುತ್ತಾರೆ.

ಇಷ್ಟಾದರೂ ಅಂಗಡಿಯಿಂದ ಬಂದ ಹಾಗೆ ಇಟ್ಟರೆ ಸಾಲದು. ಮೊದಲ ರಾತ್ರಿಯೇ ನಾಯಿಗಳು ಹಾರಿ ಡಬ್ಬಿಯನ್ನು ಉರುಳಿಸಿದವು. ಉರುಳಿದ ಮೇಲೆ ಮುಚ್ಚಳ ತಾನಾಗಿ ತೆರೆಯಿತು. ಬೆಳಿಗ್ಗೆ ಅಂಗಳ ತುಂಬಾ ಕಸ, ಎಲ್ಲರ ಮುಖ ನನ್ನ ಕಡೆ. ಬೀದಿ ಕೊನೆಯ ವೆಲ್ಡರ್ ಮಾಮಾ ಬಂದು ಡಬ್ಬಿ ಸುತ್ತ ಎರಡು ಸುತ್ತು ನಡೆದರು. ಹಳೆಯ ಕಬ್ಬಿಣದ ಟ್ರಂಕಿನ ಬಾಯಿಗೆ ಇರುತ್ತದಲ್ಲ, ಎಳೆದು ಸಿಕ್ಕಿಸಿ ಒತ್ತುವ ಚಿಲಕ, ಅದನ್ನು ಮುಚ್ಚಳದ ಎರಡೂ ಬದಿಗೆ ನಟ್ಟು ಬೋಲ್ಟಿನಿಂದ ಕೂರಿಸಿದರು. ಒಳಗಡೆಯಿಂದ ಒಂದು ತಗಡಿನ ತುಂಡು ಕೊಟ್ಟರು, ಪ್ಲಾಸ್ಟಿಕ್ ಹರಿಯದಿರಲಿ ಅಂತ. ಗೋಡೆ ಬದಿಯಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ, ಹಿಡಿಗೆ ಸರಪಳಿ ಹಾಕಿ ಕೊಕ್ಕೆ ಸಿಕ್ಕಿಸಿದರು. ಬೀಗ ಬೇಡ ಅಂತ ಅವರೇ ಹೇಳಿದರು. ಬೀಗ ಹಾಕಿದರೆ ಕೀಲಿ ಹುಡುಕುವ ಬೇಜಾರಿಗೆ ಜನ ಚೀಲವನ್ನು ಪಕ್ಕದಲ್ಲೇ ಇಟ್ಟು ಹೋಗುತ್ತಾರೆ. ಆ ಮಾತು ಎಷ್ಟು ಸರಿ ಅಂತ ದಿನಾ ಕಾಣುತ್ತಿದ್ದೇನೆ.

ಚಿಲಕ ಹಾಕಿದ ಮೇಲೆ ಮೂರು ರಾತ್ರಿ ನರಿ ಬಂದದ್ದು ಕ್ಯಾಮೆರಾದಲ್ಲಿದೆ. ಮೊದಲ ರಾತ್ರಿ ಹಿಂಗಾಲಿನ ಮೇಲೆ ನಿಂತು ಮುಚ್ಚಳದ ಅಂಚನ್ನು ಮೂತಿಯಿಂದ ಎತ್ತಲು ನೋಡಿತು. ಎರಡನೇ ರಾತ್ರಿ ಸುತ್ತ ಮೂಸಿ ಕೂತಿತು. ಮೂರನೇ ರಾತ್ರಿ ಗೇಟಿನ ತನಕ ಬಂದು ತಿರುಗಿ ಹೋಯಿತು. ಆ ವಿಡಿಯೋ ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಹಸಿದು ಹೋಯಿತಾ ಅಂತ. ಮಗಳಿಗೆ ಹೇಳಿದೆ. "ಅಮ್ಮ, ಅದಕ್ಕೆ ಕಾಡು ಪಕ್ಕದಲ್ಲೇ ಇದೆ. ಶೀರಾ ಅದರ ಊಟ ಅಲ್ಲ," ಅಂದಳು.

ಅವಳ ಮಾತು ನಿಜ. ಡಿಸೆಂಬರಿನಲ್ಲಿ ಬೆಳಗಿನ ವಾಕಿಂಗಿಗೆ ನಾಲೆ ಪಕ್ಕ ಹೋಗುವಾಗ ದಾರಿಯ ನಡುವೆ ನರಿಯ ಹಿಕ್ಕೆ ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿ ನೋಡಿದೆ. ಏಡಿಯ ಚಿಪ್ಪಿನ ಚೂರು, ಕೆಂಪಗೆ. ಒಂದು ಸಣ್ಣ ಕೊಂಬು ಇಡಿಯಾಗಿ ಇತ್ತು. ಸ್ವಲ್ಪ ಕೂದಲು, ಇಲಿಯದಿರಬೇಕು. ಪ್ಲಾಸ್ಟಿಕ್ ಇರಲಿಲ್ಲ. ಅದನ್ನು ನೋಡಿ ನನಗಾದ ಸಮಾಧಾನ ಹೇಳಲಾರೆ.

ಈಗ ಡಬ್ಬಿಯ ದೋಷಗಳು. ಚಿಲಕ ಬಿಗಿ. ಬೆರಳು ನೋವಿರುವ ವಯಸ್ಸಾದವರಿಗೆ ತೆರೆಯಲು ಆಗುವುದಿಲ್ಲ. ಅವರ ಕಸವನ್ನು ವಾಚ್‌ಮನ್ ಸಂಜೆ ಮನೆ ಬಾಗಿಲಿಂದ ತರುತ್ತಾರೆ, ತಿಂಗಳಿಗೆ ಅವರಿಗೆ 500 ಜಾಸ್ತಿ ಕೊಡುತ್ತೇವೆ. ಉಪ್ಪುಗಾಳಿಗೆ ಚಕ್ರದ ಅಚ್ಚು ನಾಲ್ಕೇ ತಿಂಗಳಲ್ಲಿ ತುಕ್ಕು ಹಿಡಿಯಿತು. ಗ್ರೀಸ್ ಹಾಕುತ್ತಿರಬೇಕು. ಒಂದು ಡಬ್ಬಿಯ ಮುಚ್ಚಳದ ಹಿಂದಿನ ಕಡ್ಡಿ ಪ್ಲಾಸ್ಟಿಕ್ಕಿನದು, ಮಾರ್ಚಿನಲ್ಲಿ ಮುರಿಯಿತು. ಅಂಗಡಿಯವರು ಹೊಸ ಕಡ್ಡಿಗೆ 60 ರೂಪಾಯಿ ತಗೊಂಡರು, ತಕರಾರು ಮಾಡಲಿಲ್ಲ. ಮುಚ್ಚಳ ಬಿಗಿಯಾದ್ದರಿಂದ ಹಸಿ ಕಸ ಒಳಗೇ ಬೇಯುತ್ತದೆ. ಮೇ ತಿಂಗಳಲ್ಲಿ ವಾಸನೆ ತಡೆಯಲಾಗಲಿಲ್ಲ. ತಳಕ್ಕೆ ಹಳೆ ಪೇಪರ್, ಮೇಲೆ ಒಂದು ಹಿಡಿ ಮರದ ಹೊಟ್ಟು ಹಾಕಿದ ಮೇಲೆ ಸುಧಾರಿಸಿತು. ವಾರಕ್ಕೊಮ್ಮೆ ತೊಳೆಯಲೇಬೇಕು.

ಗಾಡಿಯ ಹುಡುಗರಿಗೂ ಮೊದಲು ಸಿಟ್ಟು. ಎರಡು ಚಿಲಕ, ಒಂದು ಕೊಕ್ಕೆ, ಅವರಿಗೆ ಸಮಯ ಎಲ್ಲಿದೆ? ಈಗ ವಾಚ್‌ಮನ್ ಏಳೂವರೆಗೆ ಎಲ್ಲವನ್ನೂ ತೆರೆದು ಗೇಟಿನ ಹೊರಗೆ ನಿಲ್ಲಿಸುತ್ತಾರೆ. ಆ ಹೊತ್ತಿಗೆ ನರಿ ಕಾಡು ಸೇರಿರುತ್ತದೆ.

ಡಬ್ಬಿಯ ಜೊತೆ ಇನ್ನೆರಡು ಕೆಲಸ ಮಾಡದಿದ್ದರೆ ಫಲ ಅರ್ಧ. ಮೊದಲನೆಯದು ಕಂಡಿ. ಅಮೆರಿಕದಲ್ಲಿ ಬೇಲಿಯ ಮೇಲೆ ತಿರುಗುವ ಕೊಳವೆ ಹಾಕುತ್ತಾರಂತೆ. ಕಯೋಟಿ ಆರು ಅಡಿ ಬೇಲಿಯನ್ನೂ ಹತ್ತಿ ದಾಟುತ್ತದೆ, ಕೊಳವೆ ತಿರುಗಿದರೆ ಕಾಲು ಜಾರುತ್ತದೆ. ನಮ್ಮ ಸೆಕ್ರೆಟರಿ ಅದನ್ನು ಮಾಡಿಸಲು ಹೊರಟಿದ್ದರು. ಆದರೆ ನಮ್ಮ ನರಿ ಬಂದದ್ದು ಗೋಡೆಯ ಮೇಲಿಂದ ಅಲ್ಲ, ಬುಡದಿಂದ. ನೀರು ಹೋಗಬೇಕಾದ್ದರಿಂದ ಕಂಡಿ ಮುಚ್ಚುವ ಹಾಗಿಲ್ಲ. ವೆಲ್ಡರ್ ಮಾಮಾ ಮೂರು ಇಂಚಿಗೊಂದು ಸರಳು ಹಾಕಿ ಜಾಲರಿ ಕೂರಿಸಿದರು. 1,800 ರೂಪಾಯಿ. ಅದೊಂದು ಖರ್ಚು ಮೊದಲೇ ಮಾಡಬೇಕಿತ್ತು.

ಎರಡನೆಯದು ಕಷ್ಟದ್ದು. ಎದುರುಮನೆಯ ಆಜಿ ಇಪ್ಪತ್ತು ವರ್ಷದಿಂದ ರಾತ್ರಿ ಹತ್ತಕ್ಕೆ ಬೆಕ್ಕು, ನಾಯಿಗಳಿಗೆ ಹಾಲನ್ನ ಇಡುತ್ತಿದ್ದರು. ಒಬ್ಬರೇ ಇರುವವರು. ಅವರಿಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಒಂದು ಮಧ್ಯಾಹ್ನ ನಾನು ಹೋಗಿ ಕೂತೆ.

"ಆಜಿ, ಊಟ ಹಾಕಬೇಡಿ ಅಂತ ಹೇಳಲು ಬಂದಿಲ್ಲ. ಸಂಜೆ ಏಳಕ್ಕೆ ಹಾಕಿ. ತಿಂದು ಮುಗಿಸಿದ ಮೇಲೆ ತಟ್ಟೆ ಒಳಗೆ ತಗೊಳ್ಳಿ. ನಾನೂ ಬರುತ್ತೇನೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೋಲ್ಹಾ ಕೂಡ ನನ್ನ ಅನ್ನ ತಿನ್ನುತ್ತಿತ್ತಾ?" ಅಂತ ಕೇಳಿದರು. ಮರಾಠಿಯಲ್ಲಿ ನರಿಗೆ ಕೋಲ್ಹಾ ಅನ್ನುತ್ತಾರೆ. ಹೌದು ಅಂದೆ. "ಹಾಗಾದರೆ ನಾಯಿಯ ಎಂಜಲು ಅದಕ್ಕೆ ಹೋಗುತ್ತದೆ. ಆಗಬಾರದು," ಅಂದರು. ನಾವು ಯಾರೂ ಯೋಚಿಸದ್ದನ್ನು ಅವರು ಒಂದೇ ಮಾತಲ್ಲಿ ಹೇಳಿದರು. ನಾಯಿ, ನರಿ ಒಂದೇ ಜಾಗಕ್ಕೆ ಬಂದು ಕಚ್ಚಾಡಿದರೆ ನಾಯಿಯ ರೋಗ ನರಿಗೆ, ನರಿಯದು ನಾಯಿಗೆ ದಾಟಬಹುದು. ಆ ತಿಂಗಳೇ ಬೀದಿಯ ಒಂಬತ್ತು ನಾಯಿಗಳಿಗೂ ರೇಬೀಸ್ ಲಸಿಕೆ ಹಾಕಿಸಿದೆವು. ಹಿಡಿಯಲು ಆಜಿಯೇ ನಿಂತರು. ಅವರ ಕೈಗೆ ಎಲ್ಲವೂ ಬರುತ್ತವೆ.

ಮಕ್ಕಳಿಗೆ ಹೇಳಿಕೊಟ್ಟದ್ದು ಇಷ್ಟು: ನರಿ ಕಂಡರೆ ಓಡಬಾರದು. ನಿಂತು, ಕೈ ಎತ್ತಿ, ಜೋರಾಗಿ ಕೂಗಬೇಕು. ನಿಧಾನ ಹಿಂದೆ ಸರಿಯಬೇಕು. ಕಲ್ಲು ಹೊಡೆಯಬಾರದು. ತೂರಾಡುವ, ಹಗಲಲ್ಲೇ ಹೆದರಿಕೆ ಇಲ್ಲದೆ ಹತ್ತಿರ ಬರುವ ನರಿ ಕಂಡರೆ ದೊಡ್ಡವರನ್ನು ಕರೆಯಬೇಕು, ನಾವು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡುತ್ತೇವೆ. ಯಾವುದೇ ಪ್ರಾಣಿ ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಅದೇ ದಿನ ಆಸ್ಪತ್ರೆ. ಎಂಟು ತಿಂಗಳಲ್ಲಿ ಅದರ ಅಗತ್ಯ ಬಿದ್ದಿಲ್ಲ.

ಡಬ್ಬಿ, ಚಿಲಕ, ಟೆಂಪೋ, ಜಾಲರಿ ಎಲ್ಲ ಸೇರಿ 12,320 ರೂಪಾಯಿ. ಮನೆಗೆ 352. ಕೆಲಸಕ್ಕೆ ಬಾರದ ಸದ್ದಿನ ಡಬ್ಬಕ್ಕೂ ದೀಪಕ್ಕೂ ಹೋದದ್ದು 5,695. ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಆ ಪ್ಲಾಸ್ಟಿಕ್ ಕಡ್ಡಿಗೆ. ನೀವು ತಗೊಳ್ಳುವಾಗ ಮುಚ್ಚಳದ ಕಡ್ಡಿ ಕಬ್ಬಿಣದ್ದಾ ಅಂತ ಕೇಳಿ. ಇಲ್ಲ ಅಂದರೆ ಚಿಲಕ ಹಾಕಿಸುವಾಗಲೇ ವೆಲ್ಡರ್ ಹತ್ತಿರ ಬದಲಾಯಿಸಿಕೊಳ್ಳಿ.

ನರಿ ಈಗಲೂ ಇದೆ. ಮೊನ್ನೆ ಮೊದಲ ಮಳೆ ಬಿದ್ದ ರಾತ್ರಿ ನಾಲೆಯ ಆಚೆ ಕೂಗಿತು. ಒಂದು, ಆಮೇಲೆ ಇನ್ನೊಂದು, ಆಮೇಲೆ ಸಣ್ಣ ದನಿಯವು ಎರಡು ಮೂರು. ಮರಿ ಇರಬೇಕು. ಮನೆಯವರು ಹಾಸಿಗೆಯಿಂದ ಎದ್ದು ಬಂದು ನನ್ನ ಜೊತೆ ಕಿಟಕಿಯಲ್ಲಿ ನಿಂತರು.